ನಲವತ್ತಮೂರು ಬಾಳೆಹಣ್ಣು

ನಮ್ಮೂರು ಉಗಾರಕ್ಕೂ ಕಾಗವಾಡಕ್ಕೂ ನಡುವೆ ಇದೆ. ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಗಾಗುವುದರೊಳಗೆ ನಾಲ್ಕು ಜನ ನಮ್ಮ ಕಟ್ಟೆಯ ಮೇಲೆ ಬಂದು ಕೂತು, "ನಮ್ಮ ಮನೀ ಮಾತು ಬೀದಿಗೆ ಯಾಕ ತಂದಿ" ಎಂದು ಕೇಳುತ್ತಾರೆ. ಬೀದಿಗೆ ಬಂದದ್ದು ಮನೆಯ ಮಾತಲ್ಲ, ಶಾಲೆಯ ಮಾತು. ಅದು ಮೊದಲಿನಿಂದಲೂ ಬೀದಿಯದೇ. ಆದರೆ ಅದನ್ನು ಭೂಪಾಲಣ್ಣನಿಗೆ ತಿಳಿಸಿ ಹೇಳುವವರು ಯಾರು?

ಭೂಪಾಲಣ್ಣನಿಗೆ ಅರವತ್ತೆಂಟು. ಹದಿನಾಲ್ಕು ಎಕರೆ ಕಬ್ಬು, ಬಸದಿಯ ಕಮಿಟಿಯಲ್ಲಿ ಹಿರಿತನ, ಈ ವರ್ಷ ಸರ್ಕಾರಿ ಕನ್ನಡ ಶಾಲೆಯ ಶತಮಾನೋತ್ಸವ ಸಮಿತಿಯ ಅಧ್ಯಕ್ಷಗಿರಿ. ಶಾಲೆ ನಿಂತಿರುವ ಅರ್ಧ ಎಕರೆ ಜಾಗ ಕೊಟ್ಟವನು ಅವನ ಅಜ್ಜ ಪಾರಿಸಪ್ಪ. ಇದು ನಿಜ, ಇದರಲ್ಲಿ ಯಾರದೂ ತಕರಾರಿಲ್ಲ. ಅಜ್ಜ ಒಮ್ಮೆ ಕೊಟ್ಟು ಮರೆತ. ಮೊಮ್ಮಗ ದಿನಾ ಕೊಡುತ್ತಿದ್ದಾನೆ. ಮದುವೆಯಲ್ಲಿ ಕೊಡುತ್ತಾನೆ, ಸೊಸೈಟಿಯ ಮೀಟಿಂಗಿನಲ್ಲಿ ಕೊಡುತ್ತಾನೆ, ಊಟಕ್ಕೆ ಕೂತರೆ ರೊಟ್ಟಿ ಮುರಿಯುತ್ತ ಕೊಡುತ್ತಾನೆ.

ಮನೆಯಲ್ಲಿ ಹೆಂಡತಿ ಕಾಶಿಬಾಯಿ. ಮೊಣಕಾಲು ನೋವಿನವಳು, ಆದರೂ ಅಡುಗೆಮನೆ ಬಿಟ್ಟುಕೊಡದವಳು. ಮಗ ಅಭಿನಂದನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಾಟಾದ ಮೇಲೆ ಕ್ಲಾರ್ಕು. ಅವನ ಹೆಂಡತಿ ತ್ರಿಶಲಾ ನಿಪ್ಪಾಣಿ ಕಡೆಯವಳು, ಸರ್ಕಾರಿ ಶಾಲೆಯ ಶಿಕ್ಷಕಿ. ಎಂಟು ವರ್ಷ ರಾಯಬಾಗ ತಾಲೂಕಿಗೆ ಬಸ್ಸಿನಲ್ಲಿ ಅಲೆದು, ವರ್ಗವಾಗಿ ಗಂಡನ ಊರಿನ ಶಾಲೆಗೇ ಬಂದಳು. ಮಗಳು ಮಯೂರಿಗೆ ಒಂಬತ್ತು ವರ್ಷ. ಅವಳು ಆ ಶಾಲೆಗೆ ಹೋಗುವುದಿಲ್ಲ. ಹಳದಿ ವ್ಯಾನು ಬಾಗಿಲಿಗೇ ಬಂದು ಅವಳನ್ನು ಇಂಗ್ಲಿಷ್ ಶಾಲೆಗೆ ಕರೆದೊಯ್ಯುತ್ತದೆ.

ಜೂನ್‌ನಲ್ಲಿ ಹೆಡ್‌ಮಾಸ್ತರರು ರಿಟೈರಾದರು. ಇರುವುದು ಇಬ್ಬರೇ ಶಿಕ್ಷಕರು, ತ್ರಿಶಲಾ ಮತ್ತು ಮಾಳೇಶ ಮಾಸ್ತರ. ಚಾರ್ಜು ತ್ರಿಶಲಾಳ ಕೊರಳಿಗೆ ಬಿತ್ತು. ಚಾರ್ಜಿನ ಜೊತೆ ಕಪಾಟಿನ ಕೀಲಿ ಬಂತು, ಬಿಸಿಯೂಟದ ಲೆಕ್ಕ ಬಂತು, ಕೋಳಿಯ ತತ್ತಿಯೂ ಬಂತು. ವಾರಕ್ಕೆ ಆರು ದಿನ ಮಕ್ಕಳಿಗೆ ಬೇಯಿಸಿದ ತತ್ತಿ; ಒಲ್ಲೆ ಅಂದವರಿಗೆ ಬಾಳೆಹಣ್ಣು. ಯಾವುದು ಬೇಕು ಎಂದು ತಂದೆತಾಯಿ ಸಹಿ ಹಾಕಿದ ಕಾಗದ ಶಾಲೆಯಲ್ಲಿರಬೇಕು. ಇದ್ದ ನಲವತ್ತಮೂರು ಮಕ್ಕಳಲ್ಲಿ ನಲವತ್ತೊಂದು ತತ್ತಿಯವು.

ಮೊದಮೊದಲು ತತ್ತಿ ತರುವುದು, ಎಣಿಸುವುದು ಎಲ್ಲ ಮಾಳೇಶ ಮಾಸ್ತರ ಮಾಡಿದ. ಜುಲೈನಲ್ಲಿ ಅವನನ್ನು ಸಮೀಕ್ಷೆಯ ಕೆಲಸಕ್ಕೆ ಎಳೆದುಕೊಂಡು ಹೋದರು. ತ್ರಿಶಲಾ ಸ್ಕೂಟಿಯ ಮುಂದೆ ಟ್ರೇ ಇಟ್ಟುಕೊಂಡು, ಬಸದಿಯ ಮುಂದಿನ ರಸ್ತೆಯಲ್ಲೇ ಹಾದು ಬಂದಳು. ಬೇರೆ ರಸ್ತೆ ಇರಲಿಲ್ಲ. ಆ ಸುದ್ದಿ ಅವಳಿಗಿಂತ ಮೊದಲು ಮನೆ ಮುಟ್ಟಿತ್ತು.

ಕಾಶಿಬಾಯಿ ಬಾಗಿಲಲ್ಲೇ ನಿಂತಿದ್ದಳು. ಅವಳು ಆ ಪದಾರ್ಥದ ಹೆಸರನ್ನು ಜನ್ಮದಲ್ಲಿ ಬಾಯಿಂದ ಆಡಿದವಳಲ್ಲ.

"ಅದನ್ನ ಮುಟ್ಟಿ ಬಂದಿ?"

"ಮುಟ್ಟೀನ್ರಿ ಅತ್ತಿ. ನಲವತ್ತೊಂದು."

"ಎಣಿಸಿ ಹೇಳಬ್ಯಾಡ. ಹಿತ್ತಲದಾಗ ನೀರು ಕಾಯಿಸಿಟ್ಟೀನಿ. ತಲಿಮ್ಯಾಲ ಹಾಕ್ಕೊಂಡು ಬಾ."

"ನಾನೂ ತಿನ್ನೂದಿಲ್ಲಲ್ರಿ. ನಿಮ್ಮಷ್ಟ ನಾನೂ ಜೈನರ ಮಗಳದೀನಿ."

"ಅದರಾಗ ಜೀವ ಐತಿ, ತ್ರಿಶಲಾ. ನಿನ್ನ ಕೈ ಮ್ಯಾಲ ಅದು ಬಂದ ದಿನ ನೀ ನನ್ನ ನೀರಿನ ಕೊಡ ಮುಟ್ಟಬ್ಯಾಡ. ಅಷ್ಟ ಕೇಳತೀನಿ."

ಕಾಶಿಬಾಯಿ ಇದನ್ನು ಕಾಟ ಕೊಡಬೇಕೆಂದು ಹೇಳಿದ್ದಲ್ಲ. ನಂಬಿದ್ದಳು, ಅಷ್ಟೇ. ಅದೂ ಅಲ್ಲದೆ ಚಾತುರ್ಮಾಸ ಹತ್ತಿರ ಬಂದಿತ್ತು. ಮುನಿಮಹಾರಾಜರು ಒಬ್ಬರು ಊರಿಗೆ ಬಂದು ನಾಲ್ಕು ತಿಂಗಳು ಬಸದಿಯಲ್ಲಿ ಇರುವವರಿದ್ದರು. ದಿನಕ್ಕೆ ಒಮ್ಮೆ, ಯಾವುದಾದರೂ ಒಂದು ಮನೆಯಲ್ಲಿ, ನಿಂತು, ಬೊಗಸೆಯಲ್ಲಿ ಆಹಾರ ತೆಗೆದುಕೊಳ್ಳುವ ಮಹಾರಾಜರು ತನ್ನ ಮನೆಗೆ ಬರಬೇಕು ಎಂಬುದು ಕಾಶಿಬಾಯಿಯ ಆಸೆ. ಹದಿನಾರು ವರ್ಷದ ಹಿಂದೆ ಒಮ್ಮೆ ಬಂದಿದ್ದರು. ಆಗ ಬಾಗಿಲಲ್ಲಿ ಕಳಸ ಹಿಡಿದು ನಿಂತವಳು ಅವಳ ಅತ್ತೆ. ಕಾಶಿಬಾಯಿ ಒಳಗೆ ಹಿಟ್ಟು ಬೀಸಿದ್ದಳು. ಈ ಸಲ ತಾನು ನಿಲ್ಲಬೇಕು. ಇಷ್ಟು ವರ್ಷಕ್ಕೆ ಅವಳು ತನಗಾಗಿ ಕೇಳಿದ್ದು ಅದೊಂದೇ.

ತತ್ತಿ ವಾರಕ್ಕೆ ಆರು ದಿನ ಇದ್ದದ್ದರಿಂದ ತ್ರಿಶಲಾ ವಾರಕ್ಕೆ ಆರು ದಿನ ಅಡುಗೆಮನೆಯ ಹೊರಗಾದಳು. ರೊಟ್ಟಿ ಬಡಿಯುವುದು, ಬಾವಿಯ ನೀರು ಸೋಸುವುದು, ಕಾಳು ಆರಿಸುವುದು ಎಲ್ಲ ಕಾಶಿಬಾಯಿಯ ಮೊಣಕಾಲಿನ ಮೇಲೆ ಬಂತು. ಗಂಡಸರು ಇಬ್ಬರೂ ಇದನ್ನು ನೋಡಿದರು, ಊಟ ಮಾಡಿದರು, ತಟ್ಟೆ ಬಿಟ್ಟು ಎದ್ದರು. ತ್ರಿಶಲಾ ಹೊರಗೆ ಕಟ್ಟೆಯ ಮೇಲೆ ಕೂತು ಪಾತ್ರೆ ಬೆಳಗಿದಳು. ಪಾತ್ರೆ ಬೆಳಗುವುದಕ್ಕೆ ಮಡಿಯ ಅಡ್ಡಿ ಇರಲಿಲ್ಲ.

*

ಆ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ಸಂಜೆ ಐದೂವರೆಗೆ ಎಲ್ಲರೂ ಪಡಸಾಲೆಯಲ್ಲಿ ಕೂಡುತ್ತಾರೆ. ಮನೆಯ ಜಗಳಗಳೆಲ್ಲ ಆ ಹೊತ್ತಿನವೇ.

ಒಂದು ಸಂಜೆ ಊಟ ಮುಗಿಸಿ ಭೂಪಾಲಣ್ಣ ಸೊಸೆಯನ್ನು ಕೂರಿಸಿಕೊಂಡ. ಶತಮಾನೋತ್ಸವಕ್ಕೆ ಪುಸ್ತಕ ತರಬೇಕಿತ್ತು. ಶಾಲೆಯ ಇತಿಹಾಸವನ್ನು ಅವನು ಹೇಳುವುದು, ಇವಳು ಬರೆಯುವುದು. ಇವಳ ಅಕ್ಷರ ದುಂಡಗಿದ್ದವು.

"ಬರಿ. ಮೊದಲ ಸಾಲಿ ಬಸದಿ ಹೊರಗಿನ ಕಟ್ಟಿ ಮ್ಯಾಲ ನಡೀತಿತ್ತು. ಹನ್ನೊಂದು ಹುಡುಗೂರು. ಪಾರಿಸಪ್ಪನವರು ಅರ್ಧ ಎಕರೆ ಕೊಟ್ಟರು, ಲೋಕಲ್ ಬೋರ್ಡಿನವರು ಖೋಲಿ ಕಟ್ಟಿಸಿದರು. ಆಗ ನಾವು ಮುಂಬಯಿ ಪ್ರಾಂತದಾಗ ಇದ್ದಿವಿ, ಪುಸ್ತಕ ಎಲ್ಲಾ ಮರಾಠಿ. ಐವತ್ತಾರರ ಮ್ಯಾಲ ಕನ್ನಡ ಬಂತು. ಬರದಿ?"

"ಬರದೇನ್ರಿ ಮಾವಾರ."

"ನಾ ಕಲಿಯುವಾಗ ಮುನ್ನೂರಾ ಎಂಬತ್ತು ಮಂದಿ. ಎರಡು ಪಾಳಿ. ಇಡೀ ಊರು ಅಲ್ಲೇ ಕಲೀತು. ನನ್ನ ಬಾಜೂಕ ಭರಮು ಕೂಡತಿದ್ದ, ನಿಮ್ಮ ಸಾಲ್ಯಾಗ ಅಡಗಿ ಮಾಡೂ ಸುಂದ್ರವ್ವನ ಗಂಡ. ಅವನ ಗಣಿತ ಭಾಳ ಚಲೋ. ನಾ ಅವನ ಪಾಟಿ ನೋಡಿ ಬರೀತಿದ್ದೆ." ಭೂಪಾಲಣ್ಣ ನಕ್ಕ. "ಇದು ಬರೀಬ್ಯಾಡ."

ತ್ರಿಶಲಾ ಹಳೆಯ ದಾಖಲಾತಿ ರಿಜಿಸ್ಟರು ತಂದಿದ್ದಳು. ಅದರಲ್ಲಿ ಊರಿನ ಎಲ್ಲ ಮನೆತನಗಳೂ ಇದ್ದವು, ಅಭಿನಂದನನ ಹೆಸರೂ ಇತ್ತು. ಆಮೇಲೆ ವರ್ಷಕ್ಕೆ ಎರಡು ಮೂರು ಮನೆತನ ಬಿಟ್ಟುಹೋಗಿದ್ದವು. ಹನ್ನೊಂದು ವರ್ಷದಿಂದ ರಿಜಿಸ್ಟರಿನಲ್ಲಿದ್ದದ್ದು ಕಬ್ಬಿನ ಕೆಲಸಕ್ಕೆ ಹೋಗುವವರ ಮಕ್ಕಳು ಮಾತ್ರ, ಹೆಚ್ಚಿನವರು ಸುಂದ್ರವ್ವನ ಓಣಿಯ, ಬೌದ್ಧರಾದ ದಲಿತರ ಮಕ್ಕಳು.

"ಇಲ್ಲಿಂದ ಮುಂದ ಏನು ಬರೀಲ್ರಿ?" ಎಂದು ಆ ಪುಟ ತೋರಿಸಿದಳು.

"ಮುಂದೇನು ಬರಿಯೂದೈತಿ? ಅಲ್ಲಿಗೆ ಮುಗಸು."

"ಸಾಲಿ ಇನ್ನೂ ನಡದೈತಲ್ರಿ. ನಲವತ್ತಮೂರು ಹುಡುಗೂರು ಅದಾವು."

"ಇರಲಿ ಬಿಡು. ಅವರನ್ನ ಹಾಕಿ ಪುಸ್ತಕ ಯಾಕ ಕೆಡಸ್ತಿ?"

ಅವನು ಕೆಟ್ಟದ್ದು ಅನ್ನುತ್ತಿದ್ದೇನೆ ಎಂದು ತಿಳಿದು ಅಂದವನಲ್ಲ. ಹಾಗೆ ತಿಳಿಯದೆ ಅಂದದ್ದಕ್ಕೇ ನನಗೆ ಹೆಚ್ಚು ಸಿಟ್ಟು ಬರುತ್ತದೆ. ತ್ರಿಶಲಾ ಪೆನ್ನಿನ ಟೊಪ್ಪಿಗೆ ಹಾಕಿ ಎದ್ದಳು.

ಮಹಾರಾಜರು ಬಂದ ಎರಡನೇ ವಾರ ಭೂಪಾಲಣ್ಣ ಸಮಿತಿ ಸೇರಿಸಿದ. ಅಜ್ಜ ಕೊಟ್ಟ ಜಾಗದಲ್ಲಿ, ಶತಮಾನೋತ್ಸವದ ವರ್ಷ, ಬಸದಿಯಿಂದ ಕೂಗಳತೆಯಲ್ಲಿ ತತ್ತಿ ಬೇಯುವುದು ಸರಿಯಲ್ಲ ಎಂದು ಮಾತಾಯಿತು. ಆ ಸಮಿತಿಯಲ್ಲಿ ಒಂಬತ್ತು ಜನ. ಒಬ್ಬನ ಕೂಸೂ ಆ ಶಾಲೆಯಲ್ಲಿ ಇರಲಿಲ್ಲ. ಸರ್ಕಾರದ ತತ್ತಿಯನ್ನು ಸಮಿತಿ ನಿಲ್ಲಿಸಲಾಗದು, ಆದರೆ ತಂದೆತಾಯಿಗಳೇ ಒಲ್ಲೆ ಎಂದರೆ ನಿಲ್ಲುತ್ತದೆ ಎಂದು ಒಬ್ಬ ಕಾನೂನು ತೆಗೆದ.

ಮರುದಿನ ಭೂಪಾಲಣ್ಣ ಒಂದು ರಟ್ಟು ಹಿಡಿದು ಸುಂದ್ರವ್ವನ ಓಣಿಗೆ ಹೋದ. ರಟ್ಟಿನ ಮೇಲೆ ಎರಡು ಕಾಗದದ ಕಟ್ಟು. ಮೇಲಿನದು, ಕಬ್ಬಿನ ಕಳೆ ತೆಗೆಯಲು ಯಾರ್‍ಯಾರು ಬರುತ್ತೀರಿ, ಹೆಸರು ಬರೆಸಿ ಎನ್ನುವ ಯಾದಿ. ಅದರ ಕೆಳಗಿನದು, ನಮ್ಮ ಮಕ್ಕಳಿಗೆ ತತ್ತಿ ಬೇಡ, ಬಾಳೆಹಣ್ಣು ಕೊಡಿರಿ ಎನ್ನುವ ಒಪ್ಪಿಗೆ ಪತ್ರ. ಒಂದೇ ಪೆನ್ನು. ಮೊದಲನೆಯದಕ್ಕೆ ಹೆಸರು ಬರೆಸಿದವರ ಮುಂದೆ ಎರಡನೆಯದನ್ನು ತೆಗೆದು ಹಿಡಿದ. ಅವನು ಯಾರನ್ನೂ ಹೆದರಿಸಲಿಲ್ಲ. ಬಾಯಿ ಜೋರು ಮಾಡಲಿಲ್ಲ. ಚಹಾ ಕೊಟ್ಟರೆ ಬೇಡ ಎಂದು ಕೈ ಮುಗಿದ. ಒಂದು ತಾಸಿನಲ್ಲಿ ಓಣಿಗೆ ಓಣಿಯೇ ಸಹಿ ಹಾಕಿತು, ಆಚೆಯ ಉಳಿದ ಕೂಲಿಯವರೂ ಹಾಕಿದರು.

ಆ ಸಂಜೆ ತಟ್ಟೆಯ ಮುಂದೆ ಆ ಕಟ್ಟನ್ನು ಸೊಸೆಯ ಕಡೆ ಸರಿಸಿದ.

"ತಗೋ. ಎಲ್ಲಾರೂ ಬಾಳಿಹಣ್ಣ ಅಂದಾರ. ನಿನಗೂ ದಿನಾ ಹಿತ್ತಲದ ಜಳಕ ತಪ್ಪಿತು."

ತ್ರಿಶಲಾ ಒಂದೊಂದೇ ಕಾಗದ ತಿರುವಿದಳು. "ಎಲ್ಲಾರೂ ಒಮ್ಮೆಲೆ ಒಲ್ಲೆ ಅಂದ್ರ? ನಿನ್ನೆ ಸುಂದ್ರವ್ವನ ಮೊಮ್ಮಗಳು ನೀಲಮ ಎರಡು ಕೇಳಿತ್ತು."

"ತಾವ ಬರದು ಕೊಟ್ಟಾರ. ನಾ ಒಂದ ಮಾತ ಅಂದಿಲ್ಲ."

"ಕೇಳಿದಿ?" ಎಂದಳು ಕಾಶಿಬಾಯಿ, ಬಿಸಿ ರೊಟ್ಟಿ ಹಾಕುತ್ತ. ಅವಳ ಮುಖ ಎಷ್ಟೋ ದಿನದ ಮೇಲೆ ಅರಳಿತ್ತು. "ಮಹಾರಾಜರ ಪ್ರವಚನ ಅವರ ಕಿವೀಗೂ ಬಿದ್ದೈತಿ."

ಅಭಿನಂದನ ತಲೆ ಎತ್ತದೆ ಉಂಡ. ತ್ರಿಶಲಾ ಅವನನ್ನೇ ಕೇಳಿದಳು.

"ನಿಮಗ ಏನ ಅನಸ್ತದ್ರಿ?"

"ಕಾಗದ ಬಂದಾವಲ್ಲ. ಫೈಲಿಗೆ ಹಾಕು. ಯಾಕ ಮೈಮ್ಯಾಲ ಎಳಕೊಂತಿ?"

ಅವಳು ಫೈಲಿಗೆ ಹಾಕಿದಳು. ಇದನ್ನು ನಾನು ಮುಚ್ಚಿಡುವುದಿಲ್ಲ. ಮರುದಿನದಿಂದ ಶಾಲೆಯ ವಹಿಯಲ್ಲಿ, ಅವಳದೇ ದುಂಡಗಿನ ಅಕ್ಷರದಲ್ಲಿ, ತತ್ತಿ ಇಲ್ಲ, ಬಾಳೆಹಣ್ಣು ನಲವತ್ತಮೂರು ಎಂದು ಬರೆಯತೊಡಗಿದಳು. ಕೈ ಮಡಿಯಾಯಿತು. ಅಡುಗೆಮನೆಗೆ ಮಾತ್ರ ಅವಳು ಕಾಲಿಡಲಿಲ್ಲ. ಕಾಶಿಬಾಯಿ ಕರೆದರೂ, "ಬ್ಯಾಡ್ರಿ, ರೂಢಿ ಆಗೇತಿ" ಎಂದು ಕಟ್ಟೆಯ ಮೇಲೇ ಕೂತಳು.

*

ಶಾಲೆಯ ಅಡುಗೆಯವಳು ಸುಂದ್ರವ್ವ. ನೀಲಮ ಅವಳ ಮೊಮ್ಮಗಳು, ಐದನೇ ತರಗತಿ. ಸುಂದ್ರವ್ವ ಎಂಟು ದಿನ ಬಾಳೆಹಣ್ಣಿನ ಗೊನೆಯಿಂದ ಹಣ್ಣು ಮುರಿದು ಮುರಿದು ಹಂಚಿದಳು. ಒಂಬತ್ತನೇ ದಿನ ತ್ರಿಶಲಾ ಅಡುಗೆಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಸುಂದ್ರವ್ವ, ಆ ಕಾಗದ ನೀವು ಮನಸಿನಿಂದ ಬರದೀರೇನು?"

"ಈಗ ಕೇಳಾಕತ್ತೀರಿ?"

"ಈಗಾದ್ರೂ ಕೇಳತೀನಿ. ಹೊಸಾ ಕಾಗದ ಬರದು ಕೊಡ್ರಿ. ನಾಳಿಂದ ತತ್ತಿ ತರತೀನಿ. ಮೊದಲ ನೀವು ಬರೀರಿ, ಉಳದವರು ಬರೀತಾರ."

ಸುಂದ್ರವ್ವ ಸೌಟನ್ನು ಬೋಗುಣಿಯೊಳಗೆ ಎಸೆದಳು.

"ಭಾಳ ಚಲೋ ಹೇಳ್ತೀರಿ ಅಕ್ಕೋರ. ನಿಮ್ಮ ಮಾವನ ಹೊಲದಾಗ ನನ್ನ ಮಗಾ ಸೊಸಿ ಕಳೆ ತೆಗಿಯಾಕತ್ತಾರ. ಅವರ ಹೆಸರಿನ ಕೆಳಗ ಆ ಕಾಗದ ಇತ್ತು. ನಿಮ್ಮ ಮಾವನ ಕೂಡ ಜಗಳಾ ನೀವು ತಗೀರಿ. ಒಂದ ಮನ್ಯಾಗ ಇರ್ತೀರಿ, ಒಂದ ಕಡೆ ಉಣ್ಣತೀರಿ. ಅದು ಬಿಟ್ಟು, ಸುಂದ್ರವ್ವ ನೀ ಮುಂದ ಆಗು ಅಂತೀರಿ. ನಾ ಯಾಕ ಮುಂದ ಆಗ್ಲಿ?"

"ನಾ ಈ ಸಾಲಿ ಹುಡುಗೂರ ಸಲುವಾಗಿ ಹೇಳಾಕತ್ತೀನಿ."

"ಈ ಸಾಲಿ ಹುಡುಗೂರು," ಎಂದು ಸುಂದ್ರವ್ವ ಆ ಮಾತನ್ನೇ ಹಿಡಿದಳು. "ನಿಮ್ಮ ಕೂಸು ಎಲ್ಲಿ ಹೋಗ್ತೈತ್ರಿ? ಹಳದಿ ಗಾಡಿ ನಮ್ಮ ಓಣಿ ಮುಂದ ಹಾಯ್ತೈತಿ ದಿನಾ. ನೀವು ಕಲಸೂ ಸಾಲಿ ನಿಮ್ಮ ಕೂಸಿಗೆ ಬ್ಯಾಡ. ನಿಮ್ಮ ಮಾವನ ಅಜ್ಜನ ಸಾಲಿ ಮಾವನ ಮೊಮ್ಮಗಳಿಗೆ ಬ್ಯಾಡ. ನಮ್ಮ ಹುಡುಗೂರು ಏನು ತಿನ್ನಬೇಕು ಅನ್ನೂದು ಮಾತ್ರ ನಿಮಗ ಬೇಕು. ಸರೀರಿ ಆ ಕಡೆ, ಅನ್ನ ಹೊತ್ತತೈತಿ."

ತ್ರಿಶಲಾಳಿಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಮಧ್ಯಾಹ್ನದ ತನಕ ಸುಂದ್ರವ್ವನ ಮೇಲೆ ಬಂತು. ಮೂರು ಗಂಟೆಯ ಹೊತ್ತಿಗೆ ಅದು ತಿರುಗಿ ತನ್ನ ಮೇಲೆಯೇ ಬಂದು ಕೂತಿತು. ಮನೆಗೆ ಹೋದವಳು ಮಗಳ ಚೀಲದಿಂದ ಡೈರಿ ತೆಗೆದು, ಟಿ.ಸಿ. ಕೊಡಿರಿ ಎಂದು ಅರ್ಜಿ ಬರೆದಳು.

ಆ ಸಂಜೆಯ ಊಟದಲ್ಲಿ ಯಾರ ತಟ್ಟೆಯೂ ಖಾಲಿಯಾಗಲಿಲ್ಲ. ತಲೆ ತಗ್ಗಿಸಿ ಉಣ್ಣುವ ಅಭಿನಂದನನೇ ಮೊದಲು ಕೂಗಾಡಿದ.

"ತಲಿ ಕೆಟ್ಟೈತೇನು ನಿಂದು? ವರ್ಷದ ಫೀ ತುಂಬೀನಿ. ನಟ್ಟ ನಡುವ ತಗದು ಆ ಸಾಲ್ಯಾಗ ಹಾಕ್ತಿ?"

"ಆ ಸಾಲಿಗೆ ಏನಾಗೇತ್ರಿ? ನೀವೂ ಅಲ್ಲೇ ಕಲತೀರಿ."

"ಆಗಿನ ಮಾತು ಬ್ಯಾರೆ. ಈಗ ಅಲ್ಲಿ ಯಾರದಾರ?"

"ಯಾರದಾರ, ನೀವ ಹೇಳ್ರಿ. ಬಾಯಿ ಬಿಟ್ಟು ಹೇಳ್ರಿ."

ಅಭಿನಂದನ ತಟ್ಟೆ ಅತ್ತ ದೂಡಿದ. ಭೂಪಾಲಣ್ಣ ನೀರು ಕುಡಿದು ಲೋಟ ಇಟ್ಟ.

"ನೀ ಇದನ್ನ ನನ್ನ ಮ್ಯಾಲಿನ ಸಿಟ್ಟಿಗೆ ಮಾಡಾಕತ್ತೀದಿ."

"ಹೌದ್ರಿ ಮಾವಾರ, ಸಿಟ್ಟಿಗೇ. ಸಾಲಿ ನಮ್ದು, ನಮ್ದು ಅಂತ ಮೂರು ಹೊತ್ತು ಕೇಳೇನಿ. ನಮ್ಮ ಮನೀದೊಂದು ಕೂಸು ಅಲ್ಲಿಲ್ಲ, ಮತ್ತ ನಮ್ದು ಹೆಂಗ ಆತು? ಸೋಮವಾರದಿಂದ ನಮ್ದ ಆಗ್ತೈತಿ ತಗೋರಿ."

ಮಯೂರಿ ರೊಟ್ಟಿಯ ಚೂರನ್ನು ತಾಯಿಯ ಕಡೆ ಎಸೆದು, "ನಾ ಹೋಗೂದಿಲ್ಲ ಮಮ್ಮಿ, ಅಲ್ಲಿ ಬೆಂಚು ಮುರದಾವು" ಎಂದು ಅತ್ತಳು. ಅವಳನ್ನು ಯಾರೂ ಕೇಳಿಯೇ ಇರಲಿಲ್ಲ. ಈ ತಪ್ಪು ತ್ರಿಶಲಾಳದು, ಅವಳೂ ಒಪ್ಪುತ್ತಾಳೆ.

ಮಯೂರಿ ಮೊದಲ ವಾರ ಊಟವನ್ನೇ ಮಾಡಲಿಲ್ಲ, ಡಬ್ಬಿಯನ್ನು ಹಾಗೇ ತಂದು ಅಜ್ಜಿಯ ಮುಂದೆ ಇಟ್ಟಳು. ಎರಡನೇ ವಾರ ನೀಲಮ ಅವಳಿಗೆ ಕನ್ನಡದ ಒತ್ತಕ್ಷರ ತಿದ್ದಿಸಿದಳು. ಇವಳು ಅವಳಿಗೆ ಇಂಗ್ಲಿಷ್ ಪದ್ಯ ಹೇಳಿಕೊಟ್ಟಳು. ಮೂರನೇ ವಾರ ಡಬ್ಬಿ ಖಾಲಿ ಬರತೊಡಗಿತು. ಹಾಜರಿಯಲ್ಲಿ ಈಗ ನಲವತ್ತನಾಲ್ಕು ಹೆಸರು. ಬಾಳೆಹಣ್ಣಿಗೆ ಮನಸಿನಿಂದ ಬರೆದ ಕಾಗದ ಮೂರೇ, ಅದರಲ್ಲಿ ಮಯೂರಿಯದೂ ಒಂದು.

*

ಒಂದು ಗುರುವಾರ ಸಂಜೆ ಮಯೂರಿ ಹೆಸರುಕಾಳಿನ ಪಲ್ಯ ಕಲಸುತ್ತ ಕೇಳಿದಳು.

"ಅಜ್ಜಾ, ಕಳೆ ತಗಿಯೂ ಕಾಗದದಾಗ ಹೆಸರು ಇಲ್ಲದವರು ತತ್ತಿ ತಿನ್ನಬಹುದೇನು?"

"ಉಣ್ಣುವಾಗ ಆ ಹೆಸರು ತಗೀಬ್ಯಾಡ," ಎಂದಳು ಕಾಶಿಬಾಯಿ. ಆಮೇಲೆ, "ಯಾವ ಕಾಗದ?" ಎಂದಳು.

"ಎರಡೂ ಕಾಗದ ಒಂದ ರಟ್ಟಿನ ಮ್ಯಾಲ ಇದ್ದೂವಂತ. ಒಂದಕ್ಕ ಸಹಿ ಮಾಡಿದ್ರ ಇನ್ನೊಂದಕ್ಕೂ ಮಾಡಬೇಕಿತ್ತಂತ. ನೀಲಮ ಹೇಳಿದಳು. ಅವರಪ್ಪ ಮಾಡೂದಿಲ್ಲ ಅಂದ್ನಂತ, ಸುಂದ್ರವ್ವಜ್ಜಿ ಅವನ ಕೈ ಹಿಡದು ಮಾಡಿಸಿದಳಂತ."

ಭೂಪಾಲಣ್ಣ, "ಹುಡುಗೂರ ಮಾತು" ಎಂದು ಕೈ ತೊಳೆಯಲು ಎದ್ದ. ತ್ರಿಶಲಾ ಕಟ್ಟೆಯ ಮೇಲಿಂದ ಎಲ್ಲ ಕೇಳಿಸಿಕೊಂಡಳು.

ಮರುದಿನ ಸುಂದ್ರವ್ವ ಮಜ್ಜಿಗೆಗೆಂದು ಹಿತ್ತಲಿಗೆ ಬಂದಾಗ ಕಾಶಿಬಾಯಿ ಮಜ್ಜಿಗೆಯ ಚೆರಿಗೆ ಕೈಯಲ್ಲೇ ಹಿಡಿದು ನಿಂತಳು.

"ಸುಂದ್ರವ್ವ, ಅದು ಬ್ಯಾಡ ಅಂತ ನೀವ ಖುಷೀಲೆ ಬರದಿರಿ, ಹೌದಲ್ಲೋ?"

"ಅವ್ವಾರ, ನಿಮಗ ಎಂಥಾ ಜವಾಬು ಬೇಕ್ರಿ? ಮಜ್ಜಿಗಿ ಒಯ್ಯೂ ಜವಾಬು ಬೇಕಂದ್ರ, ಹೌದು, ಖುಷೀಲೆ ಬರದೇವಿ."

"ಖರೇ ಜವಾಬು ಹೇಳು."

"ಖರೇ ಹೇಳಿದ್ರ ನನ್ನ ಮಗನ ಕೆಲಸ ಉಳೀತೈತೇನ್ರಿ? ನಿಮ್ಮ ಮನೀ ಧರ್ಮ ದೊಡ್ಡದು, ನಾ ಇಲ್ಲ ಅನ್ನೂದಿಲ್ಲ. ಒಂದು ಇರಿವಿ ತುಳೀದಂಗ ನಡೀತೀರಿ. ನಮ್ಮ ಹೊಟ್ಟಿ ಮ್ಯಾಲ ಕಾಲಿಡುವಾಗ ಮಾತ್ರ ಕೆಳಗ ನೋಡೂದಿಲ್ಲ."

ಇಷ್ಟು ಹೇಳಿ ಸುಂದ್ರವ್ವ ಚೆರಿಗೆ ತೆಗೆದುಕೊಳ್ಳದೆ ಹೋದಳು. ಕಾಶಿಬಾಯಿ ಗಂಡನ ಹತ್ತಿರ ಹೋದಳು. ಅವನು ಬಸದಿಗೆ ಹೊರಟಿದ್ದ.

"ತಾವ ಬರದಾರ ಅಂತ ನನಗ ಹೇಳಿದ್ರಿ."

"ತಾವ ಬರದಾರ. ನಾ ಯಾರ ಕೈ ಹಿಡದಿಲ್ಲ. ಒಂದ ಮಾತ ಅಂದಿಲ್ಲ."

"ಎರಡೂ ಕಾಗದ ಒಂದ ರಟ್ಟಿನ ಮ್ಯಾಲ ಇದ್ದೂವೋ ಇಲ್ಲೋ?"

"ಇದ್ದೂವು. ಎರಡು ರಟ್ಟು ಯಾಕ ಹಿಡಕೊಂಡು ತಿರುಗಲಿ?" ಎಂದು ಅವನು ಚಪ್ಪಲಿ ಮೆಟ್ಟಿದ. "ರವಿವಾರ ಮಹಾರಾಜರ ಸಲುವಾಗಿ ನಮ್ಮ ಬಾಗಿಲಕ್ಕ ನಿಲ್ಲೂದೈತಿ. ಗೋದಿ ಆರಸು. ಬ್ಯಾರೆ ಚಿಂತಿ ಬ್ಯಾಡ."

ಕಾಶಿಬಾಯಿ ಗೋದಿ ಆರಿಸಿದಳು. ಎರಡು ದಿನ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಡುವ ಸದ್ದು ಓಣಿಗೆಲ್ಲ ಕೇಳಿಸಿತು.

ರವಿವಾರ ಬೆಳಗಿನಲ್ಲೇ ಎದ್ದು, ಜಳಕ ಮಾಡಿ, ಒಗೆದ ಸೀರೆ ಉಟ್ಟು, ಬಾವಿಯ ನೀರು ಸೇದಿ ಬಟ್ಟೆಯಲ್ಲಿ ಸೋಸಿ, ಹಿಟ್ಟು ಬೀಸಿ, ಹಾಲು ಕಾಯಿಸಿ, ಎಲ್ಲವನ್ನೂ ಒಬ್ಬಳೇ ಮಾಡಿದಳು. ಒಂಬತ್ತೂವರೆಗೆ ಭೂಪಾಲಣ್ಣ ಧೋತರ ಉಟ್ಟು, ಅವಳು ತೆಂಗಿನಕಾಯಿ ಇಟ್ಟ ಕಳಸ ಹಿಡಿದು, ಬಾಗಿಲಲ್ಲಿ ನಿಂತರು. ಓಣಿಯಲ್ಲಿ ಹೀಗೇ ಇನ್ನೂ ಆರು ಮನೆಯವರು ನಿಂತಿದ್ದರು. ಮಹಾರಾಜರು ಮನಸ್ಸಿನಲ್ಲಿ ಒಂದು ಸಂಕಲ್ಪ ಮಾಡಿಕೊಂಡು ಬಸದಿಯಿಂದ ಹೊರಡುತ್ತಾರೆ. ಅದಕ್ಕೆ ಹೊಂದುವುದು ಯಾವ ಬಾಗಿಲಲ್ಲಿ ಕಂಡರೆ ಅಲ್ಲಿ ನಿಲ್ಲುತ್ತಾರೆ. ಮಾತಾಡುವುದಿಲ್ಲ. ತ್ರಿಶಲಾ ಮಗಳನ್ನು ಹಿಡಿದುಕೊಂಡು ದೂರ ಕಟ್ಟೆಯ ಹತ್ತಿರ ನಿಂತಿದ್ದಳು. ಅಭಿನಂದನ ಅವಳ ಹಿಂದೆ.

ಮಹಾರಾಜರು ಬಂದರು. ಕೈಯಲ್ಲಿ ನವಿಲುಗರಿಯ ಪಿಂಛಿ ಮತ್ತು ಕಮಂಡಲ. ಮೊದಲ ಮನೆ ದಾಟಿದರು, ಎರಡನೆಯದೂ ದಾಟಿದರು. ಭೂಪಾಲಣ್ಣ ಗಟ್ಟಿ ದನಿಯಲ್ಲಿ, "ಸ್ವಾಮೀ, ನಮೋಸ್ತು, ನಮೋಸ್ತು, ನಿಲ್ಲಿರಿ, ನಿಲ್ಲಿರಿ" ಎಂದ. ಮಹಾರಾಜರು ಕಾಶಿಬಾಯಿಯ ಕಳಸವನ್ನು ನೋಡಿ ನಿಂತರು.

ಇಡೀ ಓಣಿ ಇತ್ತ ತಿರುಗಿತು. ಗಂಡ ಹೆಂಡತಿ ಮಹಾರಾಜರಿಗೆ ಮೂರು ಸುತ್ತು ಹಾಕಿದರು. ಈಗ ಇಬ್ಬರೂ ಕೂಡಿ ಹೇಳಬೇಕಾದದ್ದು ಇಷ್ಟೇ: ನಮ್ಮ ಮನಸ್ಸು ಶುದ್ಧ, ಮಾತು ಶುದ್ಧ, ಮೈ ಶುದ್ಧ, ಆಹಾರ ನೀರು ಶುದ್ಧ, ಒಳಗೆ ಬನ್ನಿರಿ. ಅಷ್ಟು ಹೇಳಿದರೆ ಅವರು ಹೊಸ್ತಿಲು ದಾಟುತ್ತಾರೆ.

"ಮನಶುದ್ಧಿ," ಎಂದ ಭೂಪಾಲಣ್ಣ.

ಕಾಶಿಬಾಯಿಯ ತುಟಿ ಬಿಚ್ಚಲಿಲ್ಲ.

"ವಚನಶುದ್ಧಿ," ಎಂದ ಅವನು, ಇನ್ನೂ ಗಟ್ಟಿಯಾಗಿ. "ಕಾಯಶುದ್ಧಿ, ಆಹಾರ ಜಲ ಶುದ್ಧ." ಮೊಣಕೈಯಿಂದ ಹೆಂಡತಿಯನ್ನು ತಿವಿದ. "ಹೇಳು."

ಅವಳು ಹೇಳಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ಮುಚ್ಚಿತ್ತು. ಮಹಾರಾಜರು ಕಾದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. ಆಮೇಲೆ ನಿಧಾನವಾಗಿ ತಿರುಗಿ ಮುಂದೆ ನಡೆದರು. ಮೂರು ಮನೆ ಆಚೆ, ಬೇರೆಯವರ ಬಾಗಿಲಲ್ಲಿ ನಿಂತು ಒಳಗೆ ಹೋದರು.

ಭೂಪಾಲಣ್ಣನ ಮುಖ ಕಪ್ಪಿಟ್ಟಿತು. ಒಳಗೆ ಬಂದವನು ಬಾಗಿಲು ಹಾಕಿ, ಅಷ್ಟು ವರ್ಷದಲ್ಲಿ ಎತ್ತದ ದನಿ ಎತ್ತಿದ.

"ಮಂದಿ ಮುಂದ ನನ್ನ ಮಾನ ಕಳದಿ. ನಾಕು ಶಬ್ದ ಹೇಳಾಕ ನಿನಗೇನು ಬಂದಿತ್ತು?"

"ಬಾಯಿ ಬರಲಿಲ್ಲ ನನಗ," ಎಂದಳು ಕಾಶಿಬಾಯಿ. ಕಳಸವನ್ನು ನೆಲದ ಮೇಲೆ ಇಟ್ಟು ಕೂತಳು. "ಹದಿನಾರು ವರ್ಷ ಕಾದಿದ್ದೆ. ನನಗ ಬಾಯಿ ಬರಲಿಲ್ಲ, ನಿಮಗ ಬಂತಲ್ಲ. ಅದಕ್ಕ ನನ್ನ ಹೊಟ್ಟಿ ಉರಿಯಾಕತ್ತೈತಿ."

"ಒಂದ ಮಾತ ಅಂದಿಲ್ಲ ನಾ ಅವರಿಗೆ."

"ನನಗ ಅಂದ್ರಲ್ಲ. ತಾವ ಬರದಾರ ಅಂತ ನನಗ ಅಂದ್ರಿ. ನಾ ಅದನ್ನ ನಂಬಿ ಬಸದ್ಯಾಗ ಹತ್ತು ಮಂದಿ ಮುಂದ ಹೇಳಿದೆ. ಅದು ತಿನ್ನೂದು ಪಾಪ ಅಂತ ನಾ ಇವತ್ತೂ ಅಂತೀನಿ, ಸಾಯೂತನಕ ಅಂತೀನಿ. ಆದ್ರ ಆ ಪಾಪ ತಿನ್ನೂವರದು. ಇದು ನಮ್ದು."

ಒಳಗೆ ಒಲೆಯ ಮೇಲೆ ಹಾಲು ಇತ್ತು, ತುಪ್ಪ ಸವರಿದ ಗೋದಿ ರೊಟ್ಟಿ ಇದ್ದವು. ಮಹಾರಾಜರ ಹೆಸರಿನಲ್ಲಿ ಮಾಡಿದ ಅಡುಗೆ, ಈಗ ಮನೆಯವರೇ ಉಣ್ಣಬೇಕು. ಕಾಶಿಬಾಯಿ ಗೋಡೆ ಹಿಡಿದು ಎದ್ದಳು, ಮೊಣಕಾಲು ಹಿಡಿದುಕೊಂಡು ಮತ್ತೆ ಕೂತಳು.

"ತ್ರಿಶಲಾ, ಒಳಗ ಬಾ. ಬಡಸು."

ತ್ರಿಶಲಾ ಹೊಸ್ತಿಲ ಹೊರಗೇ ನಿಂತಳು. "ನಾ ಮಡೀಲೆ ಇಲ್ಲರಿ ಅತ್ತಿ."

"ಈ ಮನ್ಯಾಗ ಈಗ ಯಾರೂ ಮಡೀಲೆ ಇಲ್ಲ. ಬಾ."

ತ್ರಿಶಲಾ ಬಂದಳು. ತಟ್ಟೆ ಇಟ್ಟಳು, ಅತ್ತೆಗೆ ಮೊದಲು ಬಡಿಸಿದಳು, ಮಗಳಿಗೆ, ಗಂಡನಿಗೆ. ಭೂಪಾಲಣ್ಣನ ತಟ್ಟೆಗೆ ರೊಟ್ಟಿ ಹಾಕಿ ಅಲ್ಲೇ ನಿಂತು ಕೇಳಿದಳು.

"ಮಾವಾರ, ನಾಳೆ ಸುಂದ್ರವ್ವನ ಓಣಿಗೆ ಹೋಗಿ ಹಳೆ ಕಾಗದ ಅವರವರ ಕೈಯಾಗ ಕೊಟ್ಟು ಹೊಸಾದು ಬರಸಬೇಕು. ಕಳೆ ಯಾದಿ ಬಿಟ್ಟು. ನೀವ ಹೋಗ್ತೀರೋ, ನಾ ಹೋಗ್ಲೋ?"

ಅವನು ತಟ್ಟೆ ನೋಡುತ್ತ ಕೂತ. ಉಳಿದವರು ಉಣ್ಣಲು ಶುರು ಮಾಡಿದರು. ಆ ದಿನ ಆ ಮನೆಯಲ್ಲಿ ಯಾರೂ ಅವನಿಗೆ ಉಣ್ಣಿರಿ ಎನ್ನಲಿಲ್ಲ.